ಹಿಡೀವಲ್ದು

ಇಳಕಲ್ಲು, ಹುನಗುಂದದ ಗ್ಯಾರೇಜುಗಳಲ್ಲಿ ‘ಮುಂದಿನ ಬ್ರೇಕ್ ಹಿಡೀವಲ್ದು’ ಎಂದರೆ ಸಾಕು, ಮಿಸ್ತ್ರಿಗೆ ಅರ್ಧ ವಿಷಯ ತಿಳಿದುಹೋಗುತ್ತದೆ. ‘ಹಿಡಿಯಲು ಒಲ್ಲದು’ ಎಂಬುದೇ ಜನರ ಬಾಯಲ್ಲಿ ಸವೆದು ಹೀಗಾಗಿದೆ. ‘ಒಲ್’ ಎಂದರೆ ಬಯಸು, ಮೆಚ್ಚು. ‘ಒಲವು’ ಇದೇ ಬೇರಿನದು. ವಚನಗಳಲ್ಲಿ ಸಿಗುವ ‘ಒಲ್ಲೆ’ ಅದರ ನಿಷೇಧರೂಪ. ಮಳಿ ಬರವಲ್ದು, ಗಾಡಿ ಚಾಲೂ ಆಗವಲ್ದು... ಬಾಗಲಕೋಟೆ, ಬಾದಾಮಿ ಸೀಮೆಯ ಈ ಮಾತು ಜೀವವಿಲ್ಲದ್ದಕ್ಕೂ ಮನಸ್ಸು ಕೊಡುತ್ತದೆ. ‘ಹಿಡಿಯುತ್ತಿಲ್ಲ’ ಎಂಬ ಪುಸ್ತಕದ ರೂಪಕ್ಕೆ ಈ ಕಸುವಿಲ್ಲ.

ಡಿಸ್ಕ್ ಬ್ರೇಕಿನ ಬೈಕಿನಲ್ಲಿ ಹೀಗೆ ಹಟ ಹಿಡಿಯುವುದು ಎಷ್ಟೋ ಸಲ ಹ್ಯಾಂಡಲ್ ಮೇಲಿನ, ಬ್ರೇಕ್ ಆಯಿಲನ್ನು ಒತ್ತಿ ಕಳಿಸುವ ಮಾಸ್ಟರ್ ಸಿಲಿಂಡರು. ಲಿವರ್ ಮೆತ್ತಗಾಗಿ, ನಾಲ್ಕಾರು ಸಲ ಒತ್ತಿದ ಮೇಲೆ ಗಟ್ಟಿಯಾದರೆ ಆಯಿಲಿನಲ್ಲಿ ಗಾಳಿ ಸೇರಿರುತ್ತದೆ. ಒತ್ತಿ ಹಿಡಿದಾಗ ಮೆಲ್ಲಗೆ ಒಳಗಿಳಿಯುತ್ತಿದ್ದು, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ಪಿಸ್ಟನ್ನಿನ ರಬ್ಬರ್ ಕಪ್ ಸವೆದಿರಬೇಕು. ‘ಬಿಡವಲ್ದು’ ಎಂಬ ದೂರೂ ಉಂಟು: ಆಯಿಲ್ ಮರಳುವ ಸೂಜಿಗಾತ್ರದ ತೂತು ಕಟ್ಟಿಕೊಂಡರೆ ಒತ್ತಡ ಇಳಿಯದೆ ಚಕ್ರ ಬಿಗಿಯುತ್ತದೆ.

ಸಿಲಿಂಡರನ್ನು ಬಿಚ್ಚಿ ಪಿಸ್ಟನ್, ರಬ್ಬರ್ ಕಪ್‌ಗಳ ಹೊಸ ಕಿಟ್ ಹಾಕಿಸುವಾಗ ಒಳಭಾಗವನ್ನು ಪೆಟ್ರೋಲಿನಲ್ಲಿ ತೊಳೆಯಲು ಬಿಡಬೇಡಿ; ರಬ್ಬರ್ ಉಬ್ಬಿ ಹಾಳಾಗುತ್ತದೆ. ಹೊಸ ಬ್ರೇಕ್ ಆಯಿಲಿನಲ್ಲೇ ತೊಳೆಸಿ. ಸಿಲಿಂಡರಿನ ಒಳಗೋಡೆಗೆ ಗೀರು ಬಿದ್ದಿದ್ದರೆ ಕಿಟ್ ಸಾಲದು, ಇಡೀ ಸಿಲಿಂಡರನ್ನೇ ಬದಲಿಸಿ. ಗಾಳಿ ಪೂರ್ತಿ ತೆಗೆದು ಲಿವರ್ ಗಟ್ಟಿಯಾಗುವವರೆಗೆ ಗಾಡಿಯನ್ನು ರಸ್ತೆಗಿಳಿಸಬೇಡಿ.