ಲಾರಿಯ ಹೊಳಪು: ಅರಗಿನಿಂದ ಮೇಣದವರೆಗೆ



ಚರಿತ್ರೆ ಎಂದೊಡನೆ ನಮಗೆ ನೆನಪಾಗುವುದು ಕೋಟೆ, ಶಾಸನ, ಸಿಂಹಾಸನಗಳು. ಆದರೆ ತುಮಕೂರು ರಸ್ತೆಯಲ್ಲಿ ಪೀಣ್ಯದ ಕಡೆಗೆ ಸಾಗುವ ಒಂದು ಲಾರಿಯ ಮೈಮೇಲೂ ಚರಿತ್ರೆಯಿದೆ. ಅದರ ಬಣ್ಣದ ಪದರ ಬಹಳ ತೆಳುವಾದದ್ದು. ಆ ತೆಳು ಪದರದೊಳಗೆ ಕಾಡಿನ ಒಂದು ಕೀಟ, ಮೈಸೂರಿನ ಒಂದು ಕಾರ್ಖಾನೆ, ಅಮೆರಿಕದ ರಸಾಯನಶಾಸ್ತ್ರ, ದೆಹಲಿಯ ಕಾನೂನು, ಬಣ್ಣ ಹೊಡೆಯುವವನ ಉಸಿರು ಎಲ್ಲವೂ ಸೇರಿಕೊಂಡಿವೆ. ಅವುಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಹೊಳಪು ನಮ್ಮ ನಾಡಿಗೆ ಹೊಸದಲ್ಲ. ಮಹಾಭಾರತದ ಅರಗಿನ ಮನೆಯ ಕಥೆ ನಿಮಗೆಲ್ಲ ಗೊತ್ತು. ಆ ಅರಗು ಮರದ ಕೊಂಬೆಗಳ ಮೇಲೆ ಗುಂಪಾಗಿ ಬದುಕುವ ಒಂದು ಪುಟ್ಟ ಕೀಟ ಸುರಿಸುವ ಅಂಟು. ಸಂಸ್ಕೃತದಲ್ಲಿ ಇದಕ್ಕೆ ಲಾಕ್ಷಾ ಎಂದು ಹೆಸರು. ಯುರೋಪಿನ ಭಾಷೆಗಳ 'ಲ್ಯಾಕರ್' ಎಂಬ ಪದದ ಬೇರೂ ಇದೇ ಪದದಲ್ಲಿದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಚನ್ನಪಟ್ಟಣದಲ್ಲಿ ಈ ಅರಗಿನ ಕೆಲಸವನ್ನು ಇಂದಿಗೂ ಕಣ್ಣಾರೆ ಕಾಣಬಹುದು. ತಿರುಗಣಿಯಲ್ಲಿ ಸುತ್ತುವ ಮರದ ಗೊಂಬೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಅನಂತರ ತಾಳೆಗರಿಯಿಂದ ಉಜ್ಜಿದರೆ ಕನ್ನಡಿಯಂಥ ಮಿನುಗು ಬರುತ್ತದೆ. ತೆಳುವಾದ ಪದರ, ಸಮನಾದ ಮೇಲ್ಮೈ, ತಾಳ್ಮೆಯ ಉಜ್ಜುವಿಕೆ: ಹೊಳಪಿನ ಮೂರು ಗುಟ್ಟುಗಳೂ ಇಲ್ಲಿವೆ. ಲಾರಿಯ ಕಥೆಯಲ್ಲಿಯೂ ಈ ಮೂರೇ ಮತ್ತೆ ಮತ್ತೆ ಬರುತ್ತವೆ.

ಈ ಕುಶಲತೆಯ ಪಕ್ಕದಲ್ಲಿ ಕಾರ್ಖಾನೆಯೂ ಎದ್ದು ನಿಂತಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. ಸಂಸ್ಥಾನದ ಕಾಡಿನ ಅರಗನ್ನು ಬಳಸಿ ಬಣ್ಣ, ವಾರ್ನಿಷ್, ಮುದ್ರೆಯ ಅರಗನ್ನು ತಯಾರಿಸುವುದು ಅದರ ಉದ್ದೇಶ. ಸ್ವಾತಂತ್ರ್ಯಾನಂತರ ಅದು ಸರ್ಕಾರಿ ಉದ್ದಿಮೆಯಾಯಿತು. 1989ರಲ್ಲಿ 'ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್' ಎಂಬ ಹೆಸರು ಪಡೆಯಿತು. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ತಯಾರಿಸುತ್ತಿರುವುದೂ ಇದೇ ಕಾರ್ಖಾನೆ.

ಇನ್ನು ವಾಹನಗಳ ವಿಷಯಕ್ಕೆ ಬರೋಣ. ಮೊದಮೊದಲ ಮೋಟಾರು ವಾಹನಗಳಿಗೆ ಕುದುರೆ ಸಾರೋಟಿನ ಬಣ್ಣವನ್ನೇ ಬಳಿಯುತ್ತಿದ್ದರು. ಎಣ್ಣೆ ಬಣ್ಣ ಮತ್ತು ವಾರ್ನಿಷ್‌ಗಳ ಪದರದ ಮೇಲೆ ಪದರ, ನಡುನಡುವೆ ಒಣಗಿಸಿ ಉಜ್ಜುವ ಕೆಲಸ. ಒಂದು ಗಾಡಿ ಮುಗಿಯಲು ವಾರಗಳೇ ಹಿಡಿಯುತ್ತಿದ್ದವು. ಕಾರ್ಖಾನೆಯಲ್ಲಿ ಗಾಡಿಗಳು ಬೇಗ ಸಿದ್ಧವಾದರೂ ಬಣ್ಣದ ಕೋಣೆಯಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ನೈಟ್ರೋಸೆಲ್ಯುಲೋಸ್‌ನಿಂದ 'ಡ್ಯೂಕೋ' ಎಂಬ ಲ್ಯಾಕರ್ ತಯಾರಿಸಿತು. ಅದನ್ನು ಗಾಳಿಯ ಒತ್ತಡದಿಂದ ಸಿಂಪಡಿಸಬಹುದಾಗಿತ್ತು. ದ್ರಾವಕ ಆರಿದೊಡನೆ ಬಣ್ಣ ಗಟ್ಟಿಯಾಗುತ್ತಿತ್ತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಮುಂದೆ ಸಿಂಥೆಟಿಕ್ ಎನಾಮೆಲ್ ಬಂದಿತು. ಅದಾದ ಮೇಲೆ ಎರಡು ದ್ರವಗಳನ್ನು ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣಗಳು ಬಂದವು.

ಭಾರತದಲ್ಲಿ ಲಾರಿಯ ಚರಿತ್ರೆಗೆ ತನ್ನದೇ ಆದ ತಿರುವಿದೆ. 1954ರಲ್ಲಿ ಟೆಲ್ಕೋ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆಂಜ್ ಜತೆ ಒಪ್ಪಂದ ಮಾಡಿಕೊಂಡು ಜಮ್ಶೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿತು. 1955ರಲ್ಲಿ ಮದರಾಸಿನಲ್ಲಿ ಅಶೋಕ್ ಲೇಲ್ಯಾಂಡ್ ರೂಪುಗೊಂಡಿತು. ಆದರೆ ಬಹುಕಾಲ ಕಾರ್ಖಾನೆಯಿಂದ ಹೊರಬರುತ್ತಿದ್ದುದು ಹೆಚ್ಚಾಗಿ ಬರಿಯ ಚಾಸಿ. ಅದಕ್ಕೆ ಮರ ಮತ್ತು ತಗಡಿನ ಮೈ ಕಟ್ಟಿ, ಬಣ್ಣ ಬಳಿಯುತ್ತಿದ್ದವರು ಊರೂರಿನ ಬಾಡಿ ಬಿಲ್ಡಿಂಗ್ ಶೆಡ್ಡಿನ ಬಡಗಿಗಳು, ಟಿಂಕರ್‌ಗಳು, ಪೇಂಟರ್‌ಗಳು. ಹೀಗಾಗಿ ನಮ್ಮ ಲಾರಿಗಳಲ್ಲಿ ಒಂದರ ಮುಖ ಇನ್ನೊಂದಕ್ಕೆ ಇರಲಿಲ್ಲ. ಕಮಲ, ಹುಲಿ, ದೇವರ ಹೆಸರು, ಮಕ್ಕಳ ಹೆಸರು ಎಲ್ಲಕ್ಕೂ ಅಲ್ಲಿ ಜಾಗವಿತ್ತು.

ಆದರೆ ಬಣ್ಣ ಪೂರ್ತಿಯಾಗಿ ಮಾಲೀಕನ ಇಷ್ಟಕ್ಕೆ ಬಿಟ್ಟದ್ದಾಗಿರಲಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ನ್ಯಾಷನಲ್ ಪರ್ಮಿಟ್ ಲಾರಿಯ ಮೈ ಒಣಗಿದ ಎಲೆಯ ಕಂದು ಬಣ್ಣದಲ್ಲಿರಬೇಕು, ಅದಕ್ಕೆ ದಪ್ಪ ಬಿಳಿ ಅಂಚಿರಬೇಕು ಎಂದು ವಿಧಿಸಿದ್ದವು. ಹೆದ್ದಾರಿಯ ಲಾರಿಗಳು ಕಂದು ಬಣ್ಣದಲ್ಲೇ ಕಾಣಿಸುತ್ತಿದ್ದುದಕ್ಕೆ ಇದೇ ಕಾರಣ. ಇನ್ನು ಎಫ್.ಸಿ. ಎಂದೊಡನೆ ಚಾಲಕರಿಗೆ ನೆನಪಾಗುವುದು ಪೇಂಟರ್. ಹಳೆಯ ಲಾರಿ ನಿಗದಿತ ಅವಧಿಗೊಮ್ಮೆ ತಪಾಸಣೆಗೆ ನಿಲ್ಲಬೇಕು. ಅದಕ್ಕೆ ಮುನ್ನ ಪಟ್ಟಿ ತುಂಬಿ, ಉಪ್ಪುಕಾಗದದಿಂದ ಉಜ್ಜಿ, ಹೊಸ ಬಣ್ಣ ಹೊಡೆಸುವುದು ರೂಢಿ.

ಇಲ್ಲಿಯವರೆಗೆ ಬಣ್ಣದ ಮಾತಾಯಿತು. ಆ ಬಣ್ಣವನ್ನು ಉಳಿಸಿಕೊಳ್ಳುವ ಕೆಲಸ ನಡೆಯುವುದು ಮನೆಯಂಗಳದಲ್ಲಿ. ಪೀಣ್ಯ, ಯಶವಂತಪುರ, ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋ ಸುತ್ತಮುತ್ತ ಒಂದೇ ಲಾರಿಯನ್ನು ನಂಬಿ ಬದುಕುವ ಸಂಸಾರಗಳಿಗೆ ಅದರ ಮೈ ಎಂದರೆ ಬಂಡವಾಳ. ಬಣ್ಣ ಸತ್ತರೆ ತಗಡು ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದರೆ ಮಾರಾಟದ ಬೆಲೆ ಇಳಿಯುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಎನಾಮೆಲಿನ ಮೇಲ್ಪದರವನ್ನು ಒಡೆಯುತ್ತವೆ. ಕೈಯಿಂದ ಸವರಿದರೆ ಸುಣ್ಣದಂಥ ಪುಡಿ ಹತ್ತುವುದು ಇದರಿಂದಲೇ. ರಬ್ಬಿಂಗ್ ಕಾಂಪೌಂಡ್ ಈ ಸತ್ತ ಪದರವನ್ನು ಕೆರೆದು ತೆಗೆಯುತ್ತದೆ. ಆದರೆ ಪ್ರತಿ ಸಲ ಉಜ್ಜಿದಾಗಲೂ ಬಣ್ಣ ತೆಳುವಾಗುತ್ತದೆ ಎಂಬುದನ್ನು ಮರೆಯಬಾರದು.

ಅನಂತರದ ರಕ್ಷಣೆ ಮೇಣದ್ದು. ಜೇನುಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬ್ರೆಜಿಲ್ ದೇಶದ ಒಂದು ತಾಳೆ ಜಾತಿಯ ಮರದ ಎಲೆಯಿಂದ ಸಿಗುವ ಕಾರ್ನೌಬಾ ಮೇಣ ಕರಗಲು 80 ಡಿಗ್ರಿ ದಾಟಬೇಕು. ಬಿಸಿಲಲ್ಲಿ ನಿಂತು ಕಾಯ್ದ ತಗಡಿಗೆ ಯಾವುದು ಒಳ್ಳೆಯದೆಂದು ನೀವೇ ಹೇಳಬಲ್ಲಿರಿ. ಮೊದಲು ಧಾರಾಳ ನೀರಿನಿಂದ ಧೂಳನ್ನು ಹರಿಸಿಬಿಡಬೇಕು. ಒಣ ಬಟ್ಟೆಯಿಂದ ಒರೆಸಿದರೆ ಧೂಳಿನ ಹರಳುಗಳೇ ಗೀರು ಹಾಕುತ್ತವೆ. ಬಟ್ಟೆ ಒಗೆಯುವ ಪುಡಿ ಹಳೆಯ ಮೇಣವನ್ನು ತೊಳೆದುಹಾಕುತ್ತದೆ. ಸೀಮೆಎಣ್ಣೆ ಒರೆಸುವ ರೂಢಿ ಕ್ಷಣದ ಮಿನುಗು ಕೊಟ್ಟು ಧೂಳನ್ನು ಕರೆತರುತ್ತದೆ. ನೆರಳಿನಲ್ಲಿ, ತಣ್ಣಗಿರುವ ಮೈಗೆ, ತೆಳುವಾಗಿ ಮೇಣ ಸವರಿ, ಆರಿದ ಮೇಲೆ ಮೆತ್ತನೆಯ ಬಟ್ಟೆಯಿಂದ ಉಜ್ಜಬೇಕು. ಮೇಣ ಸಣ್ಣ ಗೀರುಗಳನ್ನು ತುಂಬುವುದರಿಂದ ಬೆಳಕು ಚೆದುರದೆ ಮರಳುತ್ತದೆ. ನಾವು ಹೊಳಪು ಎನ್ನುವುದು ಇದನ್ನೇ. ಆಯುಧಪೂಜೆಯ ಹಿಂದಿನ ದಿನ ಈ ಕೆಲಸ ಬೀದಿಬೀದಿಯಲ್ಲಿ ನಡೆಯುತ್ತದೆ. ಒಂದು ಕಾಲಕ್ಕೆ ಕತ್ತಿ ಗುರಾಣಿಗಳನ್ನು ಉಜ್ಜಿ ಬೆಳಗಿಸುತ್ತಿದ್ದ ದಿನ, ಇಂದು ಲಾರಿಯನ್ನು ಬೆಳಗಿಸುವ ದಿನವಾಗಿದೆ.

ಆದರೆ ಹೊಳಪಿಗೆ ಬೆಲೆ ತೆತ್ತವರು ಯಾರು? 1797ರಲ್ಲಿ ಫ್ರಾನ್ಸಿನ ವಿಜ್ಞಾನಿ ವೋಕ್ಲಾನ್ ಸೈಬೀರಿಯದ ಒಂದು ಕೆಂಪು ಅದಿರಿನಲ್ಲಿ ಕ್ರೋಮಿಯಂ ಧಾತುವನ್ನು ಕಂಡುಹಿಡಿದರು. ಅದರಿಂದ ಹುಟ್ಟಿದ ಸೀಸದ ಕ್ರೋಮೇಟ್ ದಟ್ಟವಾದ ಹಳದಿ ಬಣ್ಣ ಕೊಟ್ಟಿತು. ವಾಹನಗಳ ಹಳದಿ, ಕಿತ್ತಳೆಗಳಲ್ಲಿ ನೆಲೆಯೂರಿತು. ಸೀಸ ಮಕ್ಕಳ ಮೆದುಳಿಗೆ ವಿಷ. ಈ ಪ್ರಶ್ನೆಯನ್ನು ದೇಶದ ಮುಂದಿಟ್ಟದ್ದರಲ್ಲಿ ಬೆಂಗಳೂರಿಗೆ ಹಿರಿಯ ಪಾಲಿದೆ. 1999ರ ಫೆಬ್ರವರಿಯಲ್ಲಿ ಜಾರ್ಜ್ ಫೌಂಡೇಷನ್ ಇಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ವೆಂಕಟೇಶ ತುಪ್ಪಿಲ್ ಸೀಸದ ವಿರುದ್ಧ ದಶಕಗಳ ಕಾಲ ಕೆಲಸ ಮಾಡಿದರು. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದಿತು. 2016ರ ನಿಯಮ ಬಣ್ಣದಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕೆ ಇಳಿಸಿತು. ಆದರೆ ಅದು ಮನೆಯ ಮತ್ತು ಅಲಂಕಾರದ ಬಣ್ಣಗಳಿಗೆ ಬರೆದ ನಿಯಮ. ಕೈಗಾರಿಕಾ ಬಣ್ಣಗಳನ್ನು ಅದರೊಳಗೆ ತರಲಿಲ್ಲ.

ಇದರ ಅರ್ಥ ಸ್ಪಷ್ಟ. ಹಳೆಯ ಲಾರಿಯ ಬಣ್ಣವನ್ನು ಒಣಗಿದಂತೆಯೇ ಉಜ್ಜುವಾಗ ಏಳುವ ಧೂಳಿನಲ್ಲಿ ಸೀಸವಿರಬಹುದು. ಅದು ಉಜ್ಜುವವನ ಎದೆಗೂ ಹೋಗುತ್ತದೆ, ಅವನ ಬಟ್ಟೆಯ ಜತೆ ಮನೆಯ ಮಗುವಿನ ಬಳಿಗೂ ಹೋಗುತ್ತದೆ. ನೀರು ಹಾಕಿ ಉಜ್ಜಿದರೆ ಧೂಳು ಏಳದು. ಆದರೆ ಆ ಕೆಸರು ಚರಂಡಿ ಸೇರಬಾರದು. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದನ್ನು ಅಧ್ಯಯನಗಳು ದಾಖಲಿಸಿವೆ. ಅದಕ್ಕೆ ಮುಖ್ಯವಾಗಿ ಎಲೆಕ್ಟ್ರೋಪ್ಲೇಟಿಂಗ್‌ನಂಥ ಕೈಗಾರಿಕೆಗಳ ತ್ಯಾಜ್ಯ ಕಾರಣ. ನೆಲಕ್ಕೆ ಚೆಲ್ಲಿದ್ದು ನೀರಿಗೆ ಬರುತ್ತದೆ ಎಂಬ ಪಾಠವನ್ನಂತೂ ಆ ಊರು ಕಲಿಸಿದೆ.

1998ರಲ್ಲಿ ಹೊಸಕೋಟೆಯಲ್ಲಿ ವೋಲ್ವೋ ಲಾರಿ ಕಾರ್ಖಾನೆ ತೆರೆದಾಗ, ಕಾರ್ಖಾನೆಯಲ್ಲೇ ಪೂರ್ಣಗೊಂಡ ಕ್ಯಾಬಿನ್ನಿನ ಲಾರಿಗಳು ನಮ್ಮ ರಸ್ತೆಗೆ ಬಂದವು. ಈಗ ಅಂಥವೇ ಹೆಚ್ಚು. ಕುಂಚದ ಅಕ್ಷರಗಳ ಜಾಗಕ್ಕೆ ಸ್ಟಿಕ್ಕರ್ ಬಂದಿದೆ. ಶೆಡ್ಡಿನ ಪೇಂಟರ್‌ನ ಕೆಲಸ ಕಡಿಮೆಯಾಗುತ್ತಿದೆ. ಅವನ ಕೈಚಳಕವನ್ನು ಬರೆದಿಟ್ಟವರು ವಿರಳ. ನಿಮ್ಮ ಬೀದಿಯಲ್ಲಿ ಅಂಥ ಹಿರಿಯರೊಬ್ಬರಿದ್ದರೆ ಅವರನ್ನು ಮಾತನಾಡಿಸಿ. ಯಾವ ಬಣ್ಣ, ಎಷ್ಟು ಪದರ, ಎಷ್ಟು ಕೂಲಿ, ಮುಖಕ್ಕೆ ಬಟ್ಟೆ ಕಟ್ಟುತ್ತಿದ್ದರೇ ಎಂದು ಕೇಳಿ ಬರೆದಿಡಿ. ಅದೂ ಚರಿತ್ರೆಯ ಆಕರವೇ.