ಅಂಬಾಸಿಡರ್ ಎಂಜಿನ್ನಿನ ಟಕಟಕ: ಗ್ಯಾರೇಜಿನ ಕಿವಿವಿದ್ಯೆಯ ಚರಿತ್ರೆ

ಓಡುತ್ತಿರುವ ಎಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ತಾಗಿಸಿ, ಅದರ ಹಿಡಿಯನ್ನು ಕಿವಿಯ ಬುಡಕ್ಕೆ ಒತ್ತಿಕೊಂಡು ಆಲಿಸುತ್ತಿದ್ದ ಹಳೆಯ ಮೆಕ್ಯಾನಿಕ್ಕರ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತು ಚಾಲ್ತಿಯಲ್ಲಿದೆ. ಅದು ಕೈಗುಣ, ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ ಎಂದು ಕೆಲವರು ಕೊಂಡಾಡುತ್ತಾರೆ. ಉಪಕರಣಗಳಿಲ್ಲದ ಕಾಲದ ಅಂದಾಜಿನ ಕೆಲಸ, ಕಂಪ್ಯೂಟರ್ ಬಂದ ಮೇಲೆ ಅದಕ್ಕೆ ಬೆಲೆಯಿಲ್ಲ ಎಂದು ಇನ್ನು ಕೆಲವರು ತಳ್ಳಿಹಾಕುತ್ತಾರೆ. ಎರಡೂ ಮಾತು ಆ ಕಸುಬಿಗೆ ಅನ್ಯಾಯ ಮಾಡುತ್ತವೆ. ಹಳೆಯ ಕಾರಿನ ಟಕಟಕ ಸದ್ದಿನ ಮೂಲ ಹುಡುಕುವುದು ನಮ್ಮ ದೇಶದ ಗ್ಯಾರೇಜುಗಳಲ್ಲಿ ಕ್ರಮಬದ್ಧ ಪರೀಕ್ಷೆಯ ವಿದ್ಯೆಯಾಗಿ ಬೆಳೆದಿತ್ತು. ಅದು ಹಾಗೆ ಬೆಳೆಯಲು ಆ ಎಂಜಿನ್ನಿನ ರಚನೆಯೂ, ಅದೇ ಎಂಜಿನ್ನನ್ನು ದಶಕಗಟ್ಟಲೆ ತಯಾರಿಸಿದ ನಮ್ಮ ಕಾರ್ಖಾನೆಗಳ ಚರಿತ್ರೆಯೂ ಕಾರಣ.

ರಚನೆಯಿಂದಲೇ ಶುರು ಮಾಡಬೇಕು. ಸಾಮಾನ್ಯ ಕಾರಿನ ಪೆಟ್ರೋಲ್ ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಗಾಳಿ ಒಳಬಿಡುವ ಒಂದು ವಾಲ್ವು, ಹೊಗೆ ಹೊರಬಿಡುವ ಇನ್ನೊಂದು ವಾಲ್ವು ಬೇಕು. ಅಂಬಾಸಿಡರಿನಂಥ ಕಾರಿನಲ್ಲಿ ಕ್ಯಾಮ್‌ಶಾಫ್ಟ್ ಕೆಳಗೆ ಬ್ಲಾಕಿನೊಳಗಿರುತ್ತದೆ, ವಾಲ್ವುಗಳು ಮೇಲೆ ಹೆಡ್ಡಿನಲ್ಲಿರುತ್ತವೆ. ನಡುವೆ ಟ್ಯಾಪೆಟ್, ಪುಶ್‌ರಾಡ್, ರಾಕರ್ ಎಂಬ ಮೂರು ಭಾಗಗಳು ಒಂದನ್ನೊಂದು ತಳ್ಳಿ ವಾಲ್ವನ್ನು ತೆರೆಯುತ್ತವೆ. ಎಂಜಿನ್ ಬಿಸಿಯೇರಿದಂತೆ ವಾಲ್ವಿನ ಉಕ್ಕು ಉದ್ದವಾಗುತ್ತದೆ. ಅದಕ್ಕೆ ಎಡೆ ಇರಲೆಂದು ರಾಕರಿಗೂ ವಾಲ್ವಿಗೂ ಮಧ್ಯೆ ಸಣ್ಣ ಅಂತರ ಬಿಟ್ಟಿರುತ್ತಾರೆ. ಅಂಬಾಸಿಡರಿಗೆ ಬಂದ ಬ್ರಿಟಿಷ್ ‘ಬಿ ಸೀರೀಸ್’ ಎಂಜಿನ್ನಿನಲ್ಲಿ ಈ ಅಂತರ 0.015 ಇಂಚು, ಅಂದರೆ ಸುಮಾರು 0.38 ಮಿಲಿಮೀಟರ್. ಪ್ರತಿ ಸಲ ವಾಲ್ವು ತೆರೆಯುವಾಗ ರಾಕರ್ ಈ ಅಂತರವನ್ನು ದಾಟಿ ಬಂದು ಬಡಿಯುತ್ತದೆ. ಹೀಗಾಗಿ ಅಲ್ಪಸ್ವಲ್ಪ ಟಕಟಕ ಆ ಎಂಜಿನ್ನಿನ ಹುಟ್ಟುಗುಣ. ಅಂತರ ಹೆಚ್ಚಾದರೆ ಸದ್ದು ಜೋರಾಗುತ್ತದೆ, ಪಿಕಪ್ ತುಸು ಕುಗ್ಗುತ್ತದೆ. ಅಂತರವೇ ಇಲ್ಲದಂತೆ ಬಿಗಿ ಮಾಡಿದರೆ ಸದ್ದು ಅಡಗುತ್ತದೆ, ಆದರೆ ಬಿಸಿಯಾದ ವಾಲ್ವು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಬೆಂಕಿ ಅದರ ಅಂಚನ್ನು ಸುಟ್ಟು, ಕಂಪ್ರೆಶನ್ ಹೋಗಿ, ಕೊನೆಗೆ ಹೆಡ್ ಇಳಿಸಬೇಕಾಗುತ್ತದೆ. ಸದ್ದಿಲ್ಲದ ಎಂಜಿನ್ನೇ ಒಳ್ಳೆಯ ಎಂಜಿನ್ ಎಂದು ನಂಬಿದ ಮಾಲೀಕನಿಗೆ ಇದನ್ನು ಒಪ್ಪಿಸುವುದು ಎಂದೂ ಸುಲಭವಾಗಿರಲಿಲ್ಲ.

ಈ ಸದ್ದಿನ ಬಗೆಗಿನ ಅಸಹನೆ ಕಾರಿನಷ್ಟೇ ಹಳೆಯದು. ಅಮೆರಿಕದ ಚಾರ್ಲ್ಸ್ ನೈಟ್ ವಾಲ್ವುಗಳ ಗದ್ದಲಕ್ಕೆ ಬೇಸತ್ತು, ವಾಲ್ವನ್ನೇ ಕೈಬಿಟ್ಟು, ಸಿಲಿಂಡರಿನೊಳಗೆ ಮೇಲೆ ಕೆಳಗೆ ಜಾರುವ ಕೊಳವೆಗಳಿರುವ ಎಂಜಿನ್ ರೂಪಿಸಿದ. ಬ್ರಿಟನ್ನಿನ ಡೈಮ್ಲರ್ ಕಂಪನಿ 1908ರಲ್ಲಿ ಅದನ್ನು ಒಪ್ಪಿಕೊಂಡಿತು. ಅದು ನಿಜಕ್ಕೂ ಮೆಲ್ಲಗೆ ಓಡುತ್ತಿತ್ತು, ಆದರೆ ಆಯಿಲ್ ಕುಡಿದು ಹೊಗೆ ಕಾರುತ್ತಿತ್ತು. 1930ರಲ್ಲಿ ಕ್ಯಾಡಿಲಾಕ್ ತನ್ನ ಹದಿನಾರು ಸಿಲಿಂಡರಿನ ಕಾರಿನಲ್ಲಿ ಬೇರೆ ದಾರಿ ಹಿಡಿದು, ಆಯಿಲ್ ಒತ್ತಡದಿಂದ ಅಂತರವನ್ನು ತಾನಾಗಿ ತುಂಬಿಕೊಳ್ಳುವ ಹೈಡ್ರಾಲಿಕ್ ಏರ್ಪಾಟು ತಂದಿತು. ಸಿರಿವಂತರ ಕಾರಿಗೆ ಮೌನ ಬಂತು. ಬಹುಪಾಲು ಅಗ್ಗದ ಕಾರುಗಳು ಮಾತ್ರ ಸ್ಕ್ರೂ ತಿರುಗಿಸಿ ಸರಿಮಾಡುವ ಟ್ಯಾಪೆಟ್ಟಿನಲ್ಲೇ ಉಳಿದವು. ನಮ್ಮ ದೇಶಕ್ಕೆ ಬಂದದ್ದು ಇವೇ.

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಅಂಬಾಸಿಡರ್ ಹೆಸರಿನಲ್ಲಿ ತಯಾರಿಸಲು ತೊಡಗಿದ್ದು 1950ರ ದಶಕದ ಕೊನೆಗೆ. 1959ರಲ್ಲಿ ಅದಕ್ಕೆ 1489 ಸಿಸಿಯ ಬಿ ಸೀರೀಸ್ ಎಂಜಿನ್ ಬಂತು. ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಎಂದು ಮುಂದಿನ ಗ್ರಿಲ್ಲು, ಡ್ಯಾಶ್‌ಬೋರ್ಡು ಬದಲಾದವು, ಎಂಜಿನ್ ಬದಲಾಗಲಿಲ್ಲ. 1992ರ ಸುಮಾರಿಗೆ ಇಸುಜು ಎಂಜಿನ್ ಬರುವವರೆಗೆ ಅಂಬಾಸಿಡರ್ ಪೆಟ್ರೋಲ್ ಕಾರೆಂದರೆ ಇದೇ. ಮುಂಬೈಯ ಪ್ರೀಮಿಯರ್ ಕಂಪನಿ ಫಿಯಟ್ 1100ರ 1089 ಸಿಸಿ ಎಂಜಿನ್ನನ್ನು ಹೀಗೆಯೇ ದಶಕಗಳ ಕಾಲ ಮುಂದುವರಿಸಿತು. ಆಮದಿನ ಮೇಲಿನ ಬಿಗಿ, ಲೈಸೆನ್ಸಿನ ಕಟ್ಟುಪಾಡು, ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾದ ಸ್ಥಿತಿ, ಇವೆಲ್ಲ ಗ್ರಾಹಕನಿಗೆ ನಷ್ಟವೇ. ಆ ವ್ಯವಸ್ಥೆಯನ್ನು ಸಮರ್ಥಿಸುವ ಉದ್ದೇಶ ಈ ಬರಹಕ್ಕಿಲ್ಲ. ಆದರೆ ಅದರ ಒಂದು ಪರಿಣಾಮವನ್ನು ಗಮನಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಸುತ್ತಿನ ಗ್ಯಾರೇಜಾಗಲಿ, ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಹಿಂದಿನ ಶೆಡ್ಡಾಗಲಿ, ಅಲ್ಲಿಗೆ ಬರುತ್ತಿದ್ದ ಸರ್ಕಾರಿ ಕಾರು, ಟ್ಯಾಕ್ಸಿ, ಡಾಕ್ಟರ ಕಾರು ಬಹುಪಾಲು ಎರಡು ಮೂರು ಬಗೆಯ ಎಂಜಿನ್ನಿನವೇ. ಹೊಸತರಲ್ಲಿ ಅದು ಹೇಗೆ ಕೇಳಿಸುತ್ತದೆ, ಲಕ್ಷ ಕಿಲೋಮೀಟರ್ ಓಡಿದ ಮೇಲೆ ಹೇಗೆ, ಬೋರ್ ಮಾಡಿಸಿದ ಮೇಲೆ ಹೇಗೆ ಎಂಬುದು ಒಬ್ಬನ ವೃತ್ತಿಜೀವನದೊಳಗೇ ಮತ್ತೆ ಮತ್ತೆ ಕಿವಿಗೆ ಬೀಳುತ್ತಿತ್ತು. ಹೋಲಿಕೆಗೆ ಬೇಕಾದ ಇಷ್ಟೊಂದು ಸಾಮಗ್ರಿ, ಮೂರು ನಾಲ್ಕು ವರ್ಷಕ್ಕೊಮ್ಮೆ ಮಾಡೆಲ್ ಬದಲಾಗುವ ದೇಶದ ಮೆಕ್ಯಾನಿಕ್ಕಿಗೆ ಸಿಗುವುದು ಕಷ್ಟ.

ಆ ಹೋಲಿಕೆಯ ಒಳಗೆ ಲೆಕ್ಕಾಚಾರವೂ ಇತ್ತು. ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ಸುತ್ತಿದರೆ ಕ್ಯಾಮ್‌ಶಾಫ್ಟ್ ಒಂದು ಸುತ್ತು ಸುತ್ತುತ್ತದೆ. ಸ್ಲೋ ಸ್ಪೀಡಿನಲ್ಲಿ ಎಂಜಿನ್ ನಿಮಿಷಕ್ಕೆ 720 ಸುತ್ತು ತಿರುಗುತ್ತಿದೆ ಎನ್ನೋಣ. ಆಗ ಸಡಿಲವಾದ ಒಂದು ರಾಕರ್ ಸೆಕೆಂಡಿಗೆ ಆರು ಸಲ ಬಡಿಯುತ್ತದೆ, ಕ್ರ್ಯಾಂಕ್ ಅಷ್ಟರಲ್ಲಿ ಹನ್ನೆರಡು ಸುತ್ತು ಮುಗಿಸಿರುತ್ತದೆ. ಎಂಜಿನ್ನಿನ ಓಟಕ್ಕೆ ಅರ್ಧ ಲಯದಲ್ಲಿ ಹಗುರಾಗಿ ಕೇಳಿಸುವ ಟಕಟಕ ಮೇಲಿನ ವಾಲ್ವುಗಳ ಕಡೆಯದು. ಗಾಡಿ ಏರು ಹತ್ತುವಾಗ ಕೆಳಗಿನಿಂದ ಭಾರವಾಗಿ ಡಬಡಬ ಎನ್ನುವುದು ಬೇರಿಂಗಿನ ಹೊಡೆತ. ಮೊದಲನೆಯದಕ್ಕೆ ಅರ್ಧ ಗಂಟೆಯ ಟ್ಯಾಪೆಟ್ ಸೆಟ್ಟಿಂಗ್ ಸಾಕು, ಎರಡನೆಯದಕ್ಕೆ ಎಂಜಿನ್ ಇಳಿಸುವ ಕೆಲಸ. ಈ ಎರಡನ್ನು ಬೇರ್ಪಡಿಸುವುದರ ಮೇಲೆ ಟ್ಯಾಕ್ಸಿ ಓಡಿಸುವವನ ಒಂದು ತಿಂಗಳ ದುಡಿಮೆ ನಿಂತಿರುತ್ತಿತ್ತು. ಆದ್ದರಿಂದ ಲಯವೊಂದನ್ನೇ ನಂಬಿ ಕೂರುತ್ತಿರಲಿಲ್ಲ. ಒಂದೊಂದೇ ಪ್ಲಗ್ಗಿನ ವೈರ್ ಕಿತ್ತು ನೋಡುತ್ತಿದ್ದರು. ಆ ಸಿಲಿಂಡರಿನಲ್ಲಿ ಸ್ಫೋಟ ನಿಂತಾಗ ಹೊಡೆತ ತಗ್ಗಿದರೆ ದೋಷ ಅದರ ಬೇರಿಂಗಿನಲ್ಲಿ. ವೈರ್ ಕಿತ್ತರೂ ಟಕಟಕ ಹಾಗೆಯೇ ಉಳಿದರೆ ಅದು ಟ್ಯಾಪೆಟ್. ಎಂಜಿನ್ ತಣ್ಣಗಿದ್ದಾಗ ಟಿಕ್ ಟಿಕ್ ಎಂದು, ಬಿಸಿಯಾದ ಮೇಲೆ ಮಾಯವಾದರೆ ಸೈಲೆನ್ಸರ್ ಕಡೆಯ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲಿ ಲೀಕ್ ಇರಬಹುದು. ಬೀಡು ಕಬ್ಬಿಣ ಹಿಗ್ಗಿ ಸಂದು ಮುಚ್ಚಿಕೊಳ್ಳುವುದರಿಂದ ಸದ್ದು ಅಡಗುತ್ತದೆ. ಎಲ್ಲಕ್ಕಿಂತ ಖಚಿತವಾದ ಪರೀಕ್ಷೆ ಕಡೆಯದು: ರಾಕರ್ ಕವರ್ ತೆಗೆದು, ಎಂಜಿನ್ ಓಡುತ್ತಿರುವಾಗಲೇ ಒಂದೊಂದು ವಾಲ್ವಿನ ಸಂದಿಗೂ ಅಂತರ ಅಳೆಯುವ ಫೀಲರ್ ಗೇಜಿನ ತೆಳು ಎಲೆ ತೂರಿಸುವುದು. ಯಾವುದಕ್ಕೆ ತೂರಿಸಿದಾಗ ಸದ್ದು ನಿಲ್ಲುತ್ತದೋ ಅಲ್ಲೇ ದೋಷ.

ಸರಿಪಡಿಸುವ ಹಂತದಲ್ಲೂ ಇದೇ ಶಿಸ್ತು. ಎಂಟು ವಾಲ್ವುಗಳಿಗೆ ಮುಂದಿನಿಂದ ಒಂದರಿಂದ ಎಂಟರವರೆಗೆ ನಂಬರ್ ಕೊಟ್ಟರೆ, ಎಂಟನೆಯದು ಪೂರ್ತಿ ತೆರೆದಾಗ ಒಂದನೆಯದನ್ನು ಅಳೆಯಬೇಕು, ಆರನೆಯದು ತೆರೆದಾಗ ಮೂರನೆಯದನ್ನು. ಕೂಡಿದರೆ ಯಾವಾಗಲೂ ಒಂಬತ್ತು. ಶಾಲೆ ಬಿಟ್ಟು ಬಂದ ಹುಡುಗನೂ ಇದನ್ನು ಮರೆಯುವಂತಿಲ್ಲ.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಲೋಹದಲ್ಲಿ ಸದ್ದು ಎಲ್ಲೆಡೆಗೂ ಹರಡುತ್ತದೆ, ಮೂರನೆಯ ಸಿಲಿಂಡರಿನ ಸದ್ದು ಎರಡನೆಯದರ ಮೇಲೂ ಕೇಳಿಸುತ್ತದೆ. ಹಾಗಿರುವಾಗ ಕಿವಿಯ ತೀರ್ಪನ್ನು ನಂಬುವುದು ಹೇಗೆ? ಆಕ್ಷೇಪದ ಮೊದಲ ಭಾಗ ನಿಜ. ಅದಕ್ಕೆಂದೇ ಆಲಿಸುವುದು ಮೊದಲ ಹೆಜ್ಜೆ ಮಾತ್ರ ಆಗಿತ್ತು. ಒಂದು ಸಂಗತಿಯನ್ನು ಬದಲಿಸು, ಸದ್ದು ಬದಲಾಯಿತೇ ನೋಡು ಎಂಬ ಕ್ರಮ ಅದರ ಹಿಂದೆಯೇ ಬರುತ್ತಿತ್ತು. ತಣ್ಣಗೆ ಮತ್ತು ಬಿಸಿ, ಸ್ಲೋ ಮತ್ತು ರೇಸ್, ವೈರ್ ಇದ್ದಾಗ ಮತ್ತು ಕಿತ್ತಾಗ. ವೈದ್ಯರ ಸ್ಟೆತಾಸ್ಕೋಪಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. 1816ರಲ್ಲಿ ಪ್ಯಾರಿಸಿನ ಲೆನೆಕ್ ಸುರುಳಿ ಸುತ್ತಿದ ಕಾಗದದ ಮೂಲಕ ಎದೆಯ ಸದ್ದು ಕೇಳಿದ. ಆದರೆ ಬದುಕಿದ್ದಾಗ ಕೇಳಿದ ಸದ್ದನ್ನು ಮರಣೋತ್ತರ ಪರೀಕ್ಷೆಯಲ್ಲಿ ಕಂಡದ್ದರ ಜೊತೆ ತಾಳೆ ನೋಡಿದ್ದರಿಂದ ಅದು ಶಾಸ್ತ್ರವಾಯಿತು. ಗ್ಯಾರೇಜಿನಲ್ಲಿ ಆ ತಾಳೆ ದಿನವೂ ನಡೆಯುತ್ತಿತ್ತು. ಊಹಿಸಿದವರೇ ಎಂಜಿನ್ ಬಿಚ್ಚುತ್ತಿದ್ದರು, ತಪ್ಪಿದ್ದರೆ ಕಣ್ಣೆದುರೇ ಕಾಣುತ್ತಿತ್ತು. ಅಳತೆಯ ಉಪಕರಣವೇ ಮೋಸ ಮಾಡುವ ಸಂದರ್ಭವೂ ಉಂಟು. ಬಹಳ ಓಡಿದ ರಾಕರಿನ ಮೂತಿಯಲ್ಲಿ ವಾಲ್ವಿನ ತುದಿ ಬಡಿದು ಬಡಿದು ಸಣ್ಣ ಗುಳಿ ಬಿದ್ದಿರುತ್ತದೆ. ಫೀಲರ್ ಗೇಜಿನ ಚಪ್ಪಟೆ ಎಲೆ ಆ ಗುಳಿಯ ಮೇಲೆ ಸೇತುವೆಯಂತೆ ನಿಂತು 0.015 ಎಂದು ತೋರಿಸುತ್ತದೆ. ನಿಜವಾದ ಅಂತರ ಅದಕ್ಕಿಂತ ದೊಡ್ಡದು. ಅಳತೆ ಸರಿಯಿದ್ದೂ ಸದ್ದು ಉಳಿದಾಗ, ಗುಳಿ ಇದೆಯೆಂದು ಹೇಳುವುದು ಕಿವಿಯೇ.

ಇದೆಲ್ಲ ಬ್ರಿಟಿಷ್ ವರ್ಕ್‌ಶಾಪ್ ಮ್ಯಾನ್ಯುಯಲ್ಲಿನಲ್ಲೇ ಇತ್ತಲ್ಲ, ಇದರಲ್ಲಿ ನಮ್ಮವರದೇನು ಎಂದು ಕೇಳಬಹುದು. ಮೂಲ ಕ್ರಮ ಅಲ್ಲಿಂದಲೇ ಬಂದದ್ದು, ಅನುಮಾನವಿಲ್ಲ. ಆದರೆ ಸವೆದ ಭಾಗವನ್ನು ಬದಲಿಸಿ ಎಂದಷ್ಟೇ ಹೇಳುವ ಪುಸ್ತಕ, ಬದಲಿ ಸಿಗದಿದ್ದರೆ ಏನು ಮಾಡಬೇಕೆಂದು ಹೇಳುವುದಿಲ್ಲ. ಇಲ್ಲಿ ರಾಕರ್ ಮೂತಿಯನ್ನು ಉಜ್ಜಿ ಮಟ್ಟ ಮಾಡಿದರು, ಲೇತಿನಲ್ಲಿ ಹೊಸ ಬುಶ್ ಕಡೆದು ಕೂರಿಸಿದರು, ಗಸಿ ಕಟ್ಟಿದ ಆಯಿಲ್ ದಾರಿಗಳನ್ನು ತಂತಿ ಹಾಕಿ ಬಿಡಿಸಿದರು. ಮೂರು ಸಲ ರಿಪೇರಿಯಾದ ಎಂಜಿನ್ನಿನಲ್ಲಿ ಯಾವ ಸದ್ದು ಸಹಜ, ಯಾವುದು ಅಪಾಯ ಎಂಬುದನ್ನು ಪುಸ್ತಕ ಬರೆದವರು ಊಹಿಸಿರಲಿಲ್ಲ. ಪುಸ್ತಕ ಮುಗಿದಲ್ಲಿಂದ ಮುಂದಿನ ಪಾಠ ಇಲ್ಲಿನವರದು.

ಹಾಗಾದರೆ ಈ ವಿದ್ಯೆ ಸೋತದ್ದು ಕಂಪ್ಯೂಟರಿಗೋ? 1983ರಲ್ಲಿ ಬಂದ ಮಾರುತಿ 800ರಲ್ಲೂ ಟ್ಯಾಪೆಟ್ ಸೆಟ್ಟಿಂಗ್ ಕೈಯಿಂದಲೇ. ಮುಂದೆ ಅನೇಕ ಎಂಜಿನ್ನುಗಳಲ್ಲಿ ಹೈಡ್ರಾಲಿಕ್ ಏರ್ಪಾಟು ಬಂದು ಆ ಅಂತರವೇ ಇಲ್ಲವಾಯಿತು. ಪರೀಕ್ಷಿಸಬೇಕಾದ ವಸ್ತು ಹೋಯಿತು, ಅದರೊಂದಿಗೆ ಪರೀಕ್ಷೆಯೂ ಹಿಂದೆ ಸರಿಯಿತು. ಮಾಲಿನ್ಯ ನಿಯಮಗಳ ಜೊತೆ ಬಂದ ಸ್ಕ್ಯಾನರ್ ಸೆನ್ಸರುಗಳು ಕೊಟ್ಟ ಸುದ್ದಿಯನ್ನಷ್ಟೇ ಓದುತ್ತದೆ. ಸಡಿಲವಾದ ರಾಕರನ್ನು ಹೆಸರಿಸುವ ಸೆನ್ಸರ್ ಕಾರಿನಲ್ಲಿಲ್ಲ. ಎಂಜಿನ್ ಬ್ಲಾಕಿನ ಕಂಪನ ಆಲಿಸುವ ನಾಕ್ ಸೆನ್ಸರ್ ಎಂಬುದೊಂದಿದೆ, ಅದರ ಲಕ್ಷ್ಯವೆಲ್ಲ ಪೆಟ್ರೋಲ್ ಅಕಾಲದಲ್ಲಿ ಸಿಡಿಯುವ ಸದ್ದಿನ ಮೇಲೆ. ಇಂದಿಗೂ ಹೊಸ ಕಾರಿನಲ್ಲಿ ಟಕಟಕ ಬಂದರೆ ಶೋರೂಮಿನ ವರ್ಕ್‌ಶಾಪಿನಲ್ಲೂ ಯಾರಾದರೊಬ್ಬರು ಬಾಗಿ ಕಿವಿಗೊಡಲೇಬೇಕು.

ಈ ವಿದ್ಯೆಗೆ ತೆತ್ತ ಬೆಲೆಯನ್ನು ಮರೆಮಾಚಬಾರದು. ಆಟವಾಡುವ ವಯಸ್ಸಿನ ಹುಡುಗರು ಸ್ಪ್ಯಾನರ್ ಎತ್ತಿಕೊಡುತ್ತ, ಊಟದ ಖರ್ಚಿಗಷ್ಟೇ ದುಡಿಯುತ್ತ ಕಲಿತದ್ದು ಇದು. ಬಾಲಕಾರ್ಮಿಕ ಕಾನೂನು ವಾಹನ ರಿಪೇರಿಯನ್ನು ಮಕ್ಕಳಿಗೆ ನಿಷಿದ್ಧವಾದ ಕೆಲಸಗಳ ಪಟ್ಟಿಗೆ ಸೇರಿಸಿದ್ದು ನ್ಯಾಯವೇ. ಹಾಗೆ ಕಲಿತವರು ಬರೆದಿಡಲಿಲ್ಲ, ಅವರನ್ನು ಕೇಳಿ ಬರೆದುಕೊಂಡವರೂ ವಿರಳ. ಉತ್ತರಪಾರಾದ ಕಾರ್ಖಾನೆ 2014ರಲ್ಲಿ ನಿಂತಿತು, ಬಿ ಸೀರೀಸ್ ಎಂಜಿನ್ನಿನ ಮೇಲೆ ಕೈಪಳಗಿಸಿಕೊಂಡವರು ಈಗ ವೃದ್ಧರು. ಧರ್ಮಸ್ಥಳದ ಮಂಜೂಷಾ, ಶ್ರೀರಂಗಪಟ್ಟಣದ ಬಳಿಯ ಪಯಣ ಮುಂತಾದ ನಮ್ಮ ವಸ್ತುಸಂಗ್ರಹಾಲಯಗಳು ಹಳೆಯ ಕಾರುಗಳನ್ನು ಜತನದಿಂದ ಕಾಪಾಡುತ್ತಿವೆ. ಅವುಗಳಿಗೂ, ನಮ್ಮ ಐಟಿಐಗಳಿಗೂ ಒಂದು ಕೋರಿಕೆ: ಆ ಎಂಜಿನ್ನುಗಳನ್ನು ಓಡಿಸಿ, ಸಡಿಲ ಟ್ಯಾಪೆಟ್ಟಿನ ಸದ್ದು, ಬೇರಿಂಗಿನ ಹೊಡೆತ, ಗ್ಯಾಸ್ಕೆಟ್ ಲೀಕು ಒಂದೊಂದನ್ನೂ ರೆಕಾರ್ಡ್ ಮಾಡಿ, ಅದನ್ನು ಗುರುತಿಸುವ ಕ್ರಮವನ್ನು ಬಲ್ಲವರ ಬಾಯಿಂದಲೇ ಕನ್ನಡದಲ್ಲಿ ಹೇಳಿಸಿ, ಅವರ ಹೆಸರಿನೊಂದಿಗೆ ಇಡಿ. ಹಳೆಯ ಮೆಕ್ಯಾನಿಕ್ಕರು ಇನ್ನೂ ಸಿಗುತ್ತಾರೆ, ಕೆಲಸವನ್ನು ಈ ವರ್ಷವೇ ಶುರು ಮಾಡಬಹುದು.