ಜ್ಯಾಂಗೋ ಅಡ್ಮಿನ್ ಪುಟ ಬದಲಾದ ಬಗೆ

ಜ್ಯಾಂಗೋ ಎಂಬ ವೆಬ್ ಫ್ರೇಮ್‌ವರ್ಕ್ ಹುಟ್ಟಿದ್ದು ಪತ್ರಿಕಾ ಕಚೇರಿಯಲ್ಲಿ. ಅಮೆರಿಕದ ಕಾನ್ಸಾಸ್ ರಾಜ್ಯದ ‘ಲಾರೆನ್ಸ್ ಜರ್ನಲ್-ವರ್ಲ್ಡ್’ ಪತ್ರಿಕೆಯ ವೆಬ್ ವಿಭಾಗದಲ್ಲಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲ್ಲಿಸನ್ 2003ರಲ್ಲಿ ಅದನ್ನು ಕಟ್ಟತೊಡಗಿದರು. 2005ರ ಜುಲೈನಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. ಪತ್ರಿಕೆಯಲ್ಲಿ ಮಾಹಿತಿ ತುಂಬುತ್ತಿದ್ದವರು ಪ್ರೋಗ್ರಾಮರ್‌ಗಳಲ್ಲ, ಸುದ್ದಿಮನೆಯವರು. ಮಾಹಿತಿ ತುಂಬಲು ಬಳಸುವ ಅಡ್ಮಿನ್ ಪುಟ ಮೊದಲಿನಿಂದಲೂ ಅಚ್ಚುಕಟ್ಟಾಗಿದ್ದುದಕ್ಕೆ ಇದೇ ಕಾರಣ. ವಿಲ್ಸನ್ ಮೈನರ್ ರೂಪಿಸಿದ, ನೀಲಿ ತಲೆಪಟ್ಟಿಯ ಆ ವಿನ್ಯಾಸ ಸುಮಾರು ಹತ್ತು ವರ್ಷ ಹೆಚ್ಚು ಬದಲಾಗದೆ ಬಾಳಿತು. ಕಂಪ್ಯೂಟರ್ ಲೋಕದಲ್ಲಿ ಇದು ಸಣ್ಣ ಮಾತಲ್ಲ.

ತಮ್ಮ ಸಂಸ್ಥೆಯ ಹೆಸರು, ಬಣ್ಣ ಬೇಕೆನ್ನುವವರು ಪುಟದ ಟೆಂಪ್ಲೇಟನ್ನು ನಕಲು ಮಾಡಿ, ತಮ್ಮ ಫೋಲ್ಡರಿನಲ್ಲಿಟ್ಟು ತಿದ್ದುತ್ತಿದ್ದರು. ಜ್ಯಾಂಗೋ ಮೊದಲು ಅಲ್ಲಿ ಹುಡುಕುತ್ತದೆ. ಸಿಗದಿದ್ದರೆ ಮಾತ್ರ ಮೂಲ ಟೆಂಪ್ಲೇಟಿಗೆ ಹೋಗುತ್ತದೆ. ಜಾಣ ಏರ್ಪಾಡೇ ಸರಿ, ಆದರೆ ಹೊಸ ಆವೃತ್ತಿ ಬಂದಾಗ ಹಳೆಯ ನಕಲು ಕೈಕೊಡುವ ಭಯವಿತ್ತು. 2014ರ 1.7ನೇ ಆವೃತ್ತಿಯಲ್ಲಿ ತಲೆಬರಹ ಬದಲಿಸಲು ಒಂದೇ ಸಾಲಿನ ಕೋಡ್ ಸಾಕಾಯಿತು. 2015ರ 1.9 ಹೊಸ ಚಪ್ಪಟೆ ವಿನ್ಯಾಸ ತಂದಿತು, 2017ರ 2.0 ಮೊಬೈಲ್ ಪರದೆಗೂ ಹೊಂದಿಕೊಂಡಿತು.

ನಿಜವಾದ ತಿರುವು 2021ರ 3.2. ಬಣ್ಣಗಳು ಸಿಎಸ್ಎಸ್ ವೇರಿಯಬಲ್‌ಗಳಾದವು. ಕೆಲವೇ ಸಾಲು ಬರೆದರೆ ಇಡೀ ಅಡ್ಮಿನ್ನಿನ ಬಣ್ಣ ಬದಲಾಗುವಂತಾಯಿತು. ಡಾರ್ಕ್ ಥೀಮ್ ಬಂದದ್ದೂ ಆಗಲೇ. ಅದನ್ನು ಬಳಕೆದಾರರೇ ಬದಲಿಸಿಕೊಳ್ಳುವ ಗುಂಡಿ 2023ರ 4.2ರಲ್ಲಿ ಸೇರಿತು.